ಬೆಲ್ಲ, ಚುರಮರಿ ಮತ್ತು ಫ್ರಿಜ್ ಬಾಗಿಲಿನ ಸದ್ದು

ಬೆಳಿಗ್ಗೆ ಐದೂ ಮುಕ್ಕಾಲಿಗೆ ನಾನು ಫ್ರಿಜ್ ಬಾಗಿಲು ತೆಗೆದರೆ ಸಾಕು, ಹಾಲ್‌ನ ಮೂಲೆಯಿಂದ ಶಿಳ್ಳೆ ಶುರುವಾಗುತ್ತದೆ. ವೀಕ್, ವೀಕ್, ವೀಈಈಕ್. ನಮ್ಮ ಎರಡು ಗಿನಿಪಿಗ್‌ಗಳ ಗಂಟಲು, ಒಂದಕ್ಕಿಂತ ಒಂದು ಜೋರು. ನಮ್ಮ ಮನೆಯವರು ಇದಕ್ಕೆ ‘ಕಾರು ರಿವರ್ಸ್ ತಗೊಳ್ತಾ ಇದೆ’ ಅನ್ನುತ್ತಾರೆ. ನಾನು ತೆಗೆದದ್ದು ಹಾಲಿನ ಪ್ಯಾಕೆಟ್, ಅವುಗಳಿಗೆ ಬೇಕಾದದ್ದು ಕೊತ್ತಂಬರಿ. ಕೊಡುವವರೆಗೂ ಬಿಡುವುದಿಲ್ಲ.

ತಮಾಷೆ ಏನು ಗೊತ್ತಾ? ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ರೈಲು ಹಳಿಗೆ ಅಂಟಿಕೊಂಡ ಹಾಗಿರುವ ಬಿಲ್ಡಿಂಗಿನಲ್ಲಿ. ಕಸಾರಾ ಫಾಸ್ಟ್ ಹೋದರೆ ಕಿಟಕಿ ಗಾಜು ನಡುಗುತ್ತದೆ, ಟೀವಿಯಲ್ಲಿ ಏನು ಹೇಳಿದರು ಅಂತ ಕೇಳಿಸುವುದಿಲ್ಲ. ಅದಕ್ಕೆ ಇವು ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಅದೇ ಅಡುಗೆಮನೆಯಲ್ಲಿ ಯಾರಾದರೂ ತರಕಾರಿಯ ಪ್ಲಾಸ್ಟಿಕ್ ಚೀಲ ಸರಪರ ಅನ್ನಿಸಲಿ, ಎಲ್ಲಿ ಮಲಗಿದ್ದರೂ ಎದ್ದು ಬಂದು ಜಾಲರಿಗೆ ಮುಂಗಾಲು ಕೊಟ್ಟು ನಿಂತುಬಿಡುತ್ತವೆ.

ಬೆಲ್ಲ, ಚುರಮರಿ ಅಂದರೆ ನಮ್ಮ ಮನೆಯ ಎರಡು ಗಿನಿಪಿಗ್, ಇಲಿಯ ದೂರದ ಬಳಗದ ಪುಟ್ಟ ಸಾಕುಪ್ರಾಣಿಗಳು. ಪೂರ್ತಿ ಕಂದು ಇರೋದು ಬೆಲ್ಲ, ಬಿಳಿ ಮೈಗೆ ಅಲ್ಲಲ್ಲಿ ಹುರಿದ ಬಣ್ಣದ ಚುಕ್ಕೆ ಇರೋದು ಚುರಮರಿ. ಹೆಸರಿಟ್ಟದ್ದು ಮಗಳು. ಧಾರವಾಡದ ಅಜ್ಜಿ, ಅಂದರೆ ನಮ್ಮ ಅತ್ತೆ, ಸಂಜೆ ಕೊಡುವ ತಿಂಡಿ ಅದು, ಹಾಗಾಗಿ ಅಜ್ಜಿ ಬೈಯಲ್ಲ ಅಂತ ಲೆಕ್ಕಾಚಾರ. ಅಜ್ಜಿ ಬೈದೇ ಬೈದರು. ‘ಇಲಿ ಬಂದ್ರ ಮಂದಿ ಔಷಧ ಇಡತಾರ, ನೀವು ಕೋತಂಬ್ರಿ ಇಡತೀರಲ್ಲವಾ!’

ಇವು ನಮ್ಮ ಮನೆಗೆ ಬಂದದ್ದು ನಾಲ್ಕನೇ ಮಹಡಿಯಿಂದ. ಅಲ್ಲಿಯ ಮನೆಯವರು ಮಗನ ಹುಟ್ಟುಹಬ್ಬಕ್ಕೆ ಯಾವುದೋ ಅಂಗಡಿಯಿಂದ ಎರಡು ಹೆಣ್ಣು ಗಿನಿಪಿಗ್ ತಂದಿದ್ದರು. ಹೆಣ್ಣು ಅಂದದ್ದು ಅಂಗಡಿಯವನು. ಎರಡು ತಿಂಗಳು ಕಳೆಯುವಷ್ಟರಲ್ಲಿ ಎರಡು ಹೋಗಿ ಐದಾಯಿತು. ಇವುಗಳ ಬಸಿರು 59ರಿಂದ 72 ದಿನ, ಇಷ್ಟು ಪುಟ್ಟ ಪ್ರಾಣಿಗೆ ಅದು ಬಹಳ ಉದ್ದ. ಇಲಿಗೆ ಮೂರು ವಾರ ಸಾಕು. ಅಷ್ಟು ದಿನ ಒಳಗೆ ಏನು ಮಾಡುತ್ತವೆ ಅಂತ ಮರಿ ನೋಡಿದ ಮೇಲೆ ಗೊತ್ತಾಯಿತು. ಕೆಂಪಗೆ, ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡ ಮರಿ ನೋಡಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಮೇಲೆ ಹೋದೆ. ಹುಟ್ಟಿ ಒಂದು ಗಂಟೆಯೂ ಆಗಿರಲಿಲ್ಲವಂತೆ. ಮೂರೂ ಮರಿಗಳಿಗೆ ಮೈತುಂಬ ಕೂದಲು, ಕಣ್ಣು ಬಟ್ಟಲಾಗಿ ತೆರೆದಿವೆ, ಬಾಯಲ್ಲಿ ಹಲ್ಲು, ಅಮ್ಮನ ಹಿಂದೆ ಪುಟುಪುಟು ಓಡಾಟ. ಸ್ನಾನ ಮಾಡಿಸಿ ತಲೆ ಬಾಚಿ ಶಾಲೆಗೆ ಕಳಿಸಲು ತಯಾರು ಮಾಡಿದ ಹಾಗಿದ್ದವು. ಇನ್ನೊಂದು ವಿಷಯ, ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬಸಿರಾಗಬಲ್ಲದು. ಅದು ತಿಳಿದ ಕೂಡಲೇ ಅವರು ಗಂಡನ್ನು ಎತ್ತಿ ಬೇರೆ ಡಬ್ಬಿಗೆ ಹಾಕಿದರು. ಪಾಪ, ‘ಹೆಣ್ಣು’ ಅಂತ ಬಂದವನು.

ಐದು ವಾರದ ಮೇಲೆ ಎರಡು ಮರಿ ನಮ್ಮ ಪಾಲಿಗೆ ಬಂದವು. ಎರಡೂ ಹೆಣ್ಣೇ ಅಂತ ಈ ಸಲ ಡಾಕ್ಟರ್ ಹತ್ತಿರ ತೋರಿಸಿ ಖಾತ್ರಿ ಮಾಡಿಕೊಂಡೇ ತಂದೆವು.

ಒಂದೇ ತಂದರೆ ಸಾಲದಾ ಅಂತ ಅತ್ತೆ ಕೇಳಿದ್ದರು. ಸಾಲದು. ಇವು ಗುಂಪಿನ ಪ್ರಾಣಿ. ಒಂಟಿಯಾದರೆ ಮಂಕು ಹಿಡಿದ ಹಾಗೆ ಮೂಲೆ ಸೇರುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಒಂದೇ ಗಿನಿಪಿಗ್ ಸಾಕುವ ಹಾಗಿಲ್ಲ, 2008ರಿಂದ ಅದು ಕಾನೂನೇ. ಈ ಕಾನೂನಿನ ವಿಷಯ ಹೇಳಿದಾಗ ನಮ್ಮ ಮನೆಯವರು ‘ಅಲ್ಲಿ ಜನಕ್ಕೆ ಬೇರೆ ತೊಂದರೆ ಇಲ್ಲ ಅನ್ನಿಸುತ್ತೆ’ ಅಂದರು. ಈಗ ಎರಡೂ ಒಂದರ ಬೆನ್ನಿಗೆ ಒಂದು ಗಲ್ಲ ಊರಿ ಮಲಗುವುದನ್ನು ನೋಡಿ ಆ ಮಾತು ವಾಪಸ್ ತಗೊಂಡಿದ್ದಾರೆ, ಬಾಯಿ ಬಿಟ್ಟು ಹೇಳಿಲ್ಲ ಅಷ್ಟೇ.

ಜಾಗದ ಕತೆ ಕೇಳಬೇಡಿ. ಅಂಗಡಿಗಳಲ್ಲಿ ಸಿಗುವ ಪಂಜರ ಗಿಳಿಗೂ ಚಿಕ್ಕದು. ಜೋಡಿಗೆ ಕನಿಷ್ಠ ಏಳೂವರೆ ಚದರ ಅಡಿ ಬೇಕು ಅಂತ ಬಲ್ಲವರು ಹೇಳುತ್ತಾರೆ. ಏಣಿ ಹತ್ತುವ, ಮಹಡಿ ಮಾಡಿಕೊಡುವ ಲೆಕ್ಕ ಇಲ್ಲ, ನೆಲದ ಮೇಲೆ ಓಡಬೇಕು. ಮುಂಬೈ ಕಡೆ ಏಳೂವರೆ ಚದರ ಅಡಿ ಅಂದರೆ ಏನು ಅಂತ ಇಲ್ಲಿ ಮನೆ ಕೊಂಡವರಿಗೆ ಗೊತ್ತು. ಕೊನೆಗೆ ಷೂ ರ‍್ಯಾಕ್ ಗೇಟಿನ ಹೊರಗೆ ಹೋಯಿತು, ಅದರ ಜಾಗಕ್ಕೆ ಹಳೇ ಪ್ಲೈವುಡ್, ಜಾಲರಿ ಸೇರಿಸಿ ನಾಲ್ಕಡಿ ಉದ್ದ ಎರಡಡಿ ಅಗಲದ ಗೂಡು ಬಂತು. ಸೊಸೈಟಿಯ ಸೆಕ್ರೆಟರಿ ಷೂ ರ‍್ಯಾಕ್ ತೆಗೆಯಿರಿ ಅಂತ ಎರಡು ಸಲ ಹೇಳಿದ್ದಾರೆ. ಗಿನಿಪಿಗ್ ತೆಗೆಯಿರಿ ಅಂತ ಯಾರೂ ಹೇಳಿಲ್ಲ.

ಹೆಸರಿನ ಬಗ್ಗೆ ಬಂದವರೆಲ್ಲ ಕೇಳುತ್ತಾರೆ. ಇದು ಹಂದಿ ಅಲ್ಲ, ಗಿನಿ ದೇಶದಿಂದ ಬಂದದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕಡೆಯದು. ಪೆರು, ಬೊಲಿವಿಯಾ ಇವೆಯಲ್ಲ, ಆ ಸೀಮೆ. ಅಲ್ಲಿ ಇದರ ಹೆಸರು ಕುಯಿ. ಸಾವಿರಾರು ವರ್ಷಗಳಿಂದ ಅಡುಗೆಮನೆಯ ನೆಲದ ಮೇಲೆ ಓಡಾಡಿಸಿಕೊಂಡು ಸಾಕುತ್ತಾ ಬಂದಿದ್ದಾರೆ, ಮುದ್ದಿಗಲ್ಲ, ತಿನ್ನೋಕೆ. ಕುಸ್ಕೊ ಊರಿನ ದೊಡ್ಡ ಚರ್ಚಿನಲ್ಲಿ ಯೇಸುವಿನ ಕೊನೆಯ ಊಟದ ಚಿತ್ರ ಇದೆ, ಮಾರ್ಕೋಸ್ ಜಪಾಟಾ 18ನೇ ಶತಮಾನದಲ್ಲಿ ಬರೆದದ್ದು. ಮೇಜಿನ ನಡುವಿನ ತಟ್ಟೆಯಲ್ಲಿ ಕಾಲು ಮೇಲೆ ಮಾಡಿ ಮಲಗಿರೋದು ಕುಯಿ ಅಂತಲೇ ಆ ಊರಿನವರು ತೋರಿಸುತ್ತಾರೆ. ಮಗಳಿಗೆ ಆ ಚಿತ್ರ ತೋರಿಸಿ ತಪ್ಪು ಮಾಡಿದೆ. ಎರಡು ದಿನ ಮಾತು ಬಿಟ್ಟಿದ್ದಳು.

ಅತ್ತೆಗೆ ಇಷ್ಟವಾದದ್ದು ಬೇರೆ ಸಂಗತಿ. ಆ ಬೆಟ್ಟದ ನಾಟಿ ವೈದ್ಯರು ಕಾಯಿಲೆಯವರ ಮೈಮೇಲೆಲ್ಲ ಕುಯಿಯನ್ನು ಸವರಿ, ಆಮೇಲೆ ಅದರ ಹೊಟ್ಟೆ ಕೊಯ್ದು ನೋಡಿ, ರೋಗ ಎಲ್ಲಿದೆ ಅಂತ ಹೇಳುತ್ತಾರೆ. ಕರೀ ಬಣ್ಣದ್ದಾದರೆ ಇನ್ನೂ ಒಳ್ಳೆಯದಂತೆ. ಇದನ್ನು ಕೇಳಿ ಅತ್ತೆ ಒಂದು ಚೂರೂ ಆಶ್ಚರ್ಯಪಡಲಿಲ್ಲ. ‘ನಾವು ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಂಗಿಲ್ಲೇನು? ದೃಷ್ಟಿ ಎಲ್ಲಾ ಕಡೆ ಒಂದs.’ ಅವತ್ತಿನಿಂದ ಅವರ ಲೆಕ್ಕದಲ್ಲಿ ಇವುಗಳಿಗೆ ಸ್ವಲ್ಪ ಮರ್ಯಾದೆ ಬಂತು.

ಸ್ಪೇನಿನವರ ಹಡಗು ಹತ್ತಿ ಇವು ಯುರೋಪಿಗೆ ಹೋದದ್ದು 16ನೇ ಶತಮಾನದಲ್ಲಿ. ಅಲ್ಲಿ ತಟ್ಟೆಯಿಂದ ತೊಡೆಗೆ ಬಂದವು. 1580ರ ಸುಮಾರಿನ ಒಂದು ಇಂಗ್ಲಿಷ್ ಚಿತ್ರದಲ್ಲಿ ಮೂವರು ಮಕ್ಕಳು ಜರತಾರಿ ಬಟ್ಟೆ ಹಾಕಿ ನಿಂತಿದ್ದಾರೆ, ಒಬ್ಬ ಹುಡುಗಿಯ ಕೈಯಲ್ಲಿ ಕಂದು ಬಿಳಿ ಬಣ್ಣದ ಗಿನಿಪಿಗ್. ಥೇಟ್ ನಮ್ಮ ಚುರಮರಿಯದೇ ಮುಖ, ಫೋಟೋ ತೆಗೆಸಿಕೊಳ್ಳೋಕೆ ಇಷ್ಟವಿಲ್ಲದ ಮುಖ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಾಯಿಯ ಹಾಗೆ ಬಾಲ ಆಡಿಸಿಕೊಂಡು ಬರುತ್ತೆ ಅಂತ ಯಾರಾದರೂ ಗಿನಿಪಿಗ್ ತಂದರೆ ಮೋಸ ಹೋಗುತ್ತಾರೆ. ಮೊದಲನೆಯದಾಗಿ ಇವಕ್ಕೆ ಬಾಲವೇ ಇಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು, ಹಿಂದೆ ಏನೂ ಇಲ್ಲ, ಯಾರೋ ಅರ್ಧಕ್ಕೆ ನಿಲ್ಲಿಸಿ ಎದ್ದುಹೋದ ಹಾಗೆ. ಎರಡನೆಯದು, ಇವು ಇನ್ನೊಬ್ಬರ ಊಟವಾಗಿ ಹುಟ್ಟಿದ ಪ್ರಾಣಿಗಳು. ಹದ್ದು, ನರಿ, ಹಾವು, ಮನುಷ್ಯ, ಎಲ್ಲರಿಗೂ ಬೇಕು. ಮೇಲಿಂದ ಕೈ ಬಂದರೆ ಅವುಗಳ ಲೆಕ್ಕದಲ್ಲಿ ಹದ್ದೇ ಬಂತು. ಮೊದಲ ಒಂದು ತಿಂಗಳು ನಮ್ಮ ಕೈ ಕಂಡರೆ ಸಾಕು, ಗುಡಿಸಲಿನಂಥ ರಟ್ಟಿನ ಡಬ್ಬಿಯೊಳಗೆ ಮಾಯ. ಮಗಳು ಅತ್ತಳು. ಅವರಿಗೆ ನನ್ನ ಕಂಡರೆ ಆಗಲ್ಲ ಅಂದಳು.

ಆಮೇಲೆ ಒಂದು ಉಪಾಯ ಮಾಡಿದಳು. ದಿನಾ ಸಂಜೆ ಹೋಂವರ್ಕ್ ತಗೊಂಡು ಗೂಡಿನ ಪಕ್ಕ ನೆಲದ ಮೇಲೆ ಕೂತು ಮರಾಠಿ ಪಾಠ ಗಟ್ಟಿಯಾಗಿ ಓದುವುದು. ಮುಟ್ಟುವುದಿಲ್ಲ, ಕರೆಯುವುದಿಲ್ಲ, ಸುಮ್ನೆ ಓದುವುದು, ಪಕ್ಕದಲ್ಲಿ ಒಂದೆರಡು ಕೊತ್ತಂಬರಿ ಕಡ್ಡಿ. ಹದಿನೈದು ದಿನ ಆದ ಮೇಲೆ ಒಂದು ಮೂಗು ಹೊರಗೆ ಬಂತು. ಆಮೇಲೆ ಅರ್ಧ ಮೈ. ಆಮೇಲೆ ಕಡ್ಡಿ ಕಚ್ಚಿಕೊಂಡು ಒಳಗೆ ಓಟ. ಹೀಗೇ ಎರಡು ತಿಂಗಳು. ಇವುಗಳ ಪ್ರಪಂಚ ಕಿವಿಯಲ್ಲಿದೆ ಅಂತ ನನಗೆ ಹೊಳೆದದ್ದು ಆಗ. ನಮಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳುತ್ತೆ, ಇವಕ್ಕೆ 50ರ ಹತ್ತಿರದವರೆಗೂ ಕೇಳುತ್ತೆ. ಅದಕ್ಕೇ ಇರಬೇಕು, ಮನೆಯ ಒಂದೊಂದು ಸದ್ದನ್ನೂ ವಿಂಗಡಿಸಿ ಇಟ್ಟಿವೆ. ಫ್ರಿಜ್ ಅಂದರೆ ಊಟ. ಕುಕ್ಕರ್ ಸೀಟಿ ಅಂದರೆ ಬಚ್ಚಿಟ್ಟುಕೊಳ್ಳಬೇಕು. ಬೀಗದ ಕೈ ಸದ್ದಿನಲ್ಲೂ ಭೇದ ಇದೆ. ನಮ್ಮ ಮನೆಯವರು ಲ್ಯಾಚ್ ತೆಗೆದರೆ ಸುಮ್ಮನಿರುತ್ತವೆ, ನಾನು ತೆಗೆದರೆ ಶಿಳ್ಳೆ, ಯಾಕೆಂದರೆ ಸ್ಟೇಷನ್ ಹತ್ತಿರ ತರಕಾರಿ ತರುವವಳು ನಾನು. ಎಂಟು ಗಂಟೆಯಾದರೆ ಮನೆಯಲ್ಲಿ ಮೂರು ಜನ ಮೂರು ಫೋನು ಹಿಡಿದು ಕೂತಿರುತ್ತೇವೆ, ಯಾರು ಬಂದರು ಯಾರು ಹೋದರು ಅನ್ನುವುದು ಸರಿಯಾಗಿ ಗೊತ್ತಿರುವುದು ಇವೆರಡಕ್ಕೆ ಮಾತ್ರ.

ಮಾತೂ ಜಾಸ್ತಿ. ಶಿಳ್ಳೆ ಒಂದೇ ಅಲ್ಲ. ಬೆನ್ನು ಸವರಿದರೆ ಗುರ್ ಗುರ್ ಅಂತ ಮೆಲ್ಲಗೆ ಒಂದು ಸದ್ದು, ಫೋನು ವೈಬ್ರೇಟ್ ಆದ ಹಾಗೆ. ಸಿಟ್ಟು ಬಂದರೆ ಹಲ್ಲು ಕಟಕಟ. ಬೆಲ್ಲಳಿಗೆ ಗತ್ತು ಬಂದ ದಿನ ಸೊಂಟ ಅಲ್ಲಾಡಿಸಿಕೊಂಡು ತಗ್ಗಿದ ದನಿಯಲ್ಲಿ ಗೊಣಗುತ್ತಾ ಚುರಮರಿಯ ಸುತ್ತ ಒಂದು ಸುತ್ತು ಹಾಕುತ್ತಾಳೆ. ಖುಷಿ ಜಾಸ್ತಿಯಾದರೆ ನಿಂತಲ್ಲೇ ಮೇಲಕ್ಕೆ ಚಿಮ್ಮುತ್ತವೆ, ಗಾಳಿಯಲ್ಲೇ ತಿರುಚಿಕೊಂಡು ಇನ್ನೊಂದು ದಿಕ್ಕಿಗೆ ಇಳಿಯುತ್ತವೆ. ಇಂಗ್ಲಿಷಿನವರು ಇದಕ್ಕೆ ಪಾಪ್‌ಕಾರ್ನ್ ಆಗುವುದು ಅಂತಾರಂತೆ. ಅದನ್ನು ಮಗಳು ಹೇಳುವ ಮೊದಲೇ ಅತ್ತೆ ನೋಡಿ ಅಂದಿದ್ದರು, ‘ಪಂಚಮಿ ಅರಳು ಸಿಡಿದಂಗ ಸಿಡೀತಾವಲ್ಲ!’

ಇನ್ನು ಹುಲ್ಲು. ಗಿನಿಪಿಗ್ ಅಂದರೆ ಹುಲ್ಲು, ಮಿಕ್ಕಿದ್ದೆಲ್ಲ ಉಪ್ಪಿನಕಾಯಿ. ಇವುಗಳ ಇಪ್ಪತ್ತು ಹಲ್ಲೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲು ಅರೆದು ಅರೆದು ಸವೆಯಬೇಕು, ಇಲ್ಲದಿದ್ದರೆ ದವಡೆ ಹಲ್ಲು ಉದ್ದವಾಗಿ ಬಾಯಿ ಮುಚ್ಚೋಕೂ ಆಗಲ್ಲ. ಒಣಹುಲ್ಲನ್ನು ನಾವು ಆನ್‌ಲೈನ್ ತರಿಸುತ್ತೇವೆ, ತಿಂಗಳ ಬಿಲ್ಲು ನೋಡಿದ ಅತ್ತೆ ಧಾರವಾಡದಲ್ಲಿ ಇಷ್ಟು ದುಡ್ಡಿಗೆ ಎಮ್ಮೆ ಸಾಕಬಹುದು ಅಂದರು. ಉತ್ಪ್ರೇಕ್ಷೆ ಬಿಡಿ. ಆದರೆ ಹಸಿ ಹುಲ್ಲಿಗೆ ಡೊಂಬಿವಲಿಯಲ್ಲಿ ಎಲ್ಲಿ ಹೋಗೋದು?

ಮುಂಬೈಯಲ್ಲಿ ಇದ್ದವರಿಗೆ ಗೊತ್ತಿರುತ್ತೆ. ಗುಡಿಯ ಮೂಲೆಯಲ್ಲಿ ಒಂದು ಹಸು ಕಟ್ಟಿಕೊಂಡು ಒಬ್ಬ ಹೆಂಗಸು ಕೂತಿರುತ್ತಾಳೆ, ಪಕ್ಕದಲ್ಲಿ ಹುಲ್ಲಿನ ಚಿಕ್ಕ ಚಿಕ್ಕ ಸಿವುಡು. ಆಫೀಸಿಗೆ ಹೋಗುವವರು ದುಡ್ಡು ಕೊಟ್ಟು ಒಂದು ಸಿವುಡು ತಗೊಂಡು ಅವಳ ಹಸುವಿಗೇ ತಿನ್ನಿಸಿ, ಕಣ್ಣಿಗೊತ್ತಿಕೊಂಡು, ಲೋಕಲ್ ಹಿಡಿಯೋಕೆ ಓಡುತ್ತಾರೆ. ಹುಲ್ಲೂ ಅವಳದು, ಹಸುವೂ ಅವಳದು, ಪುಣ್ಯ ನಮ್ಮದು. ನಾನು ಮೊದಲ ದಿನ ಎರಡು ಸಿವುಡು ತಗೊಂಡೆ, ದುಡ್ಡು ಕೊಟ್ಟೆ, ಬ್ಯಾಗಿನಲ್ಲಿ ಹಾಕಿಕೊಂಡು ಹೊರಟೆ. ಹಸು ಕುತ್ತಿಗೆ ಚಾಚಿದ್ದು ಚಾಚಿದ ಹಾಗೇ ಇತ್ತು. ಆ ಹೆಂಗಸು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಪ್ರಸಾದ ಕದ್ದವರನ್ನು ಹಾಗೆ ನೋಡುತ್ತಾರೆ. ‘ಘರೀ ಗಾಯ್ ಆಹೇ ಕಾ?’ ಅಂತ ಕೇಳಿದಳು, ಮನೆಯಲ್ಲಿ ಹಸು ಕಟ್ಟಿದ್ದೀರಾ ಅಂತ. ಎರಡನೇ ಮಹಡಿಯ ಒನ್ ಬಿಎಚ್‌ಕೆಯಲ್ಲಿ ಹಸು! ನಾನು ಫೋನಿನಲ್ಲಿ ಬೆಲ್ಲ ಚುರಮರಿಯ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿದಳು. ಆಮೇಲೆ ಗಂಭೀರವಾಗಿ ಕೇಳಿದಳು, ಹಾಲು ಕೊಡುತ್ತಾ?

ಈಗ ವಾರಕ್ಕೆ ಮೂರು ದಿನ ನನಗೆ ಅಂತ ಎಳೆಯ ಹುಲ್ಲಿನ ಸಿವುಡು ತೆಗೆದಿಡುತ್ತಾಳೆ. ಆದರೆ ನನ್ನದು ಒಂದು ನಿಯಮ ಇದೆ, ಅವಳದ್ದೂ ಅಂತಲೇ ಅನ್ನಿ. ಮೂರು ತಗೊಂಡರೆ ಒಂದು ಅಲ್ಲೇ ಹಸುವಿಗೆ. ಮನೆಗೆ ತಂದ ಹುಲ್ಲನ್ನು ಎರಡು ನೀರಲ್ಲಿ ತೊಳೆದು, ಬಟ್ಟೆ ಹಾಕುವ ಗಳದ ಮೇಲೆ ಹರವುತ್ತೇನೆ. ಎಲ್ಲಿ ಬೆಳೆದದ್ದೋ ಏನು ಹೊಡೆದಿದ್ದಾರೋ ಗೊತ್ತಿಲ್ಲವಲ್ಲ. ನಮ್ಮ ಮನೆಯವರ ಆಫೀಸ್ ಶರ್ಟಿಗೆ ಹುಲ್ಲಿನ ವಾಸನೆ ಬರುತ್ತದೆ ಅಂತ ದೂರು ಇದೆ, ಇರಲಿ.

ಇಷ್ಟೆಲ್ಲ ಮಾಡಿಯೂ ಹೋದ ವರ್ಷ ಜೂನ್‌ನಲ್ಲಿ ಬೆಲ್ಲಳನ್ನು ಕಳೆದುಕೊಳ್ಳುತ್ತಿದ್ದೆವು. ತಪ್ಪು ನನ್ನದೇ. ಒಂದು ಬೆಳಿಗ್ಗೆ ಫ್ರಿಜ್ ತೆಗೆದೆ, ಒಂದೇ ಶಿಳ್ಳೆ ಕೇಳಿತು. ಹೋಗಿ ನೋಡಿದರೆ ಬೆಲ್ಲ ಕೂದಲು ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿದ್ದಾಳೆ. ಕೊತ್ತಂಬರಿ ಮೂಗಿನ ಹತ್ತಿರ ಹಿಡಿದರೂ ಬೇಡ. ಎದ್ದು ಎರಡು ಹೆಜ್ಜೆ ಇಟ್ಟಾಗ ಹಿಂಗಾಲು ಸೆಟೆದುಕೊಂಡ ಹಾಗಿತ್ತು. ಅತ್ತೆ ನೋಡಿದ ಕೂಡಲೇ ‘ಇದಕ್ಕ ನನ್ನಂಗ ಮೊಣಕಾಲು ಹಿಡದಾವ’ ಅಂದರು. ಹಿಟ್ಟು ಅಳೆಯುವ ಡಿಜಿಟಲ್ ತಕ್ಕಡಿಯ ಮೇಲೆ ಸ್ಟೀಲ್ ಬೋಗುಣಿ ಇಟ್ಟು ಅದರೊಳಗೆ ಕೂರಿಸಿ ತೂಗಿದೆ. ವಾರದ ಹಿಂದೆ 910 ಗ್ರಾಂ, ಅವತ್ತು 845. ಇವುಗಳ ಹೊಟ್ಟೆ ಯಾವಾಗಲೂ ನಡೆಯುತ್ತಿರಬೇಕು, ಒಂದು ದಿನ ತಿನ್ನದಿದ್ದರೂ ಒಳಗೆ ಎಲ್ಲ ನಿಂತುಹೋಗುತ್ತೆ, ಅಲ್ಲಿಗೆ ಮುಗೀತು.

ಮಳೆಯಲ್ಲಿ ರಿಕ್ಷಾ ಹಿಡಿದು ಮೊದಲು ಹೋದ ಡಾಕ್ಟರ್ ನಾಯಿ ಬೆಕ್ಕು ನೋಡುವವರು. ಅವರ ಹೆಸರು, ಜಾಗ ಬೇಡ, ಒಳ್ಳೆಯ ಮನುಷ್ಯರೇ. ಎರಡು ನಿಮಿಷ ನೋಡಿ ಬಾಯಿಗೆ ಹಾಕುವ ಆ್ಯಂಟಿಬಯಾಟಿಕ್ ಬರೆದುಕೊಟ್ಟರು. ಯಾಕೋ ಮನಸ್ಸು ಒಪ್ಪಲಿಲ್ಲ, ನಾಲ್ಕನೇ ಮಹಡಿಯವರು ಹೇಳಿದ ಇನ್ನೊಬ್ಬ ಡಾಕ್ಟರ್ ಹತ್ತಿರ ಠಾಣೆ ಊರಿಗೆ ಹೋದೆವು. ಅವರು ಚೀಟಿ ನೋಡಿ ಮೊದಲು ಕೇಳಿದ್ದು, ‘ಇದನ್ನು ಕೊಟ್ಟಿಲ್ಲ ತಾನೆ?’ ಅದು ಅಮಾಕ್ಸಿಸಿಲಿನ್. ನಮಗೆ ಗಂಟಲು ಸೋಂಕಿಗೆ ಕೊಡುವಂಥದ್ದು. ಪೆನಿಸಿಲಿನ್ ಜಾತಿಯ ಔಷಧ ಗಿನಿಪಿಗ್ ಹೊಟ್ಟೆಗೆ ಹೋದರೆ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಬಿಡುವಂಥವು ಬೆಳೆದು, ಪ್ರಾಣಿಯೇ ಹೋಗಿಬಿಡಬಹುದು. ಕೈಯಲ್ಲಿದ್ದ ಬಾಟಲಿ ನೋಡಿ ನನಗೆ ಕೈ ನಡುಗಿತು.

ಆಮೇಲೆ ಅವರು ಊಟದ ಬಗ್ಗೆ ಕೇಳಿದರು. ಒಂದೊಂದೇ ಪ್ರಶ್ನೆ. ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣ ತಿಂಡಿ) ಯಾವಾಗ ತಂದದ್ದು? ಆಫರ್ ಇತ್ತು ಅಂತ ದೊಡ್ಡ ಚೀಲ ತಂದು ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದೆ, ಏಳು ತಿಂಗಳಾಗಿತ್ತು. ತರಕಾರಿ? ಸೌತೆಕಾಯಿ, ಗಜ್ಜರಿ, ಚೂರೇ ಚೂರು ಕೊತ್ತಂಬರಿ. ಅಷ್ಟಕ್ಕೆ ಅವರಿಗೆ ಗೊತ್ತಾಯಿತು. ಸ್ಕರ್ವಿ. ಹಳೇ ಕಾಲದ ಹಡಗಿನವರಿಗೆ ಬರುತ್ತಿತ್ತಲ್ಲ, ಒಸಡಿನಲ್ಲಿ ರಕ್ತ, ಕೀಲುಗಳಲ್ಲಿ ನೋವು, ಅದೇ, ವಿಟಮಿನ್ ಸಿ ಸಾಲದೆ ಬರುವ ಕಾಯಿಲೆ. ಪೆಲೆಟ್‌ನಲ್ಲಿ ವಿಟಮಿನ್ ಸಿ ಹಾಕಿರುತ್ತಾರೆ ನಿಜ, ಆದರೆ ತಯಾರಾದ ಮೂರು ತಿಂಗಳಲ್ಲಿ ಅದು ಬಹುಮಟ್ಟಿಗೆ ಹೋಗಿರುತ್ತೆ. ನಮ್ಮ ಮುಂಬೈ ಹವೆಯಲ್ಲಿ ಉಪ್ಪೇ ನೀರಾಗುತ್ತೆ, ವಿಟಮಿನ್ ಎಲ್ಲಿ ಉಳಿಯಬೇಕು.

ನಾಯಿ, ಬೆಕ್ಕು, ಹಸು, ಇಲಿ, ಎಲ್ಲ ತಮ್ಮ ಮೈಯಲ್ಲೇ ವಿಟಮಿನ್ ಸಿ ಮಾಡಿಕೊಳ್ಳುತ್ತವೆ. ಮಾಡಿಕೊಳ್ಳಲು ಬಾರದವು ಕೆಲವೇ. ನಾವು, ನಮ್ಮ ಬಳಗದ ಕೋತಿಗಳು, ಕೆಲವು ಬಾವಲಿಗಳು, ಮತ್ತೆ ಇವು. ಅದೇ ಕಾರಣಕ್ಕೆ ಇವು ನಮಗೆ ದೊಡ್ಡ ಉಪಕಾರ ಮಾಡಿವೆ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಹಡಗಿನವರಿಗೆ ಬರುವ ಬೆರಿಬೆರಿ ಅನ್ನುವ ಕಾಯಿಲೆಯ ಕಾರಣ ಹುಡುಕುತ್ತಾ ಗಿನಿಪಿಗ್‌ಗಳಿಗೆ ಬರೀ ಧಾನ್ಯ, ಬ್ರೆಡ್ ತಿನ್ನಿಸಿದರು. ಬೆರಿಬೆರಿ ಬರಲಿಲ್ಲ, ಸ್ಕರ್ವಿ ಬಂತು. ಇಲಿಯನ್ನು ಇಟ್ಟುಕೊಂಡಿದ್ದರೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಮುಂದೆ 1932ರಲ್ಲಿ ಹಂಗೆರಿಯ ಸೆಗೆಡ್ ಊರಿನಲ್ಲಿ ಆಲ್ಬರ್ಟ್ ಸೆಂಟ್ ಜಾರ್ಜಿ ಮತ್ತು ಅವರ ಜೊತೆಗಾರರು ತಾವು ಬೇರ್ಪಡಿಸಿದ್ದು ವಿಟಮಿನ್ ಸಿಯೇ ಅಂತ ತೋರಿಸಿದ್ದೂ ಗಿನಿಪಿಗ್‌ಗಳ ಮೇಲೇ. ಆಮೇಲೆ ಆ ವಿಟಮಿನ್ನನ್ನು ರಾಶಿ ರಾಶಿ ತೆಗೆಯೋಕೆ ಅವರಿಗೆ ಸಿಕ್ಕಿದ್ದು ಊರಿನ ಪಾಪ್ರಿಕಾ, ಅಂದರೆ ನಮ್ಮ ಡೊಣ್ಣ ಮೆಣಸಿನಕಾಯಿಯ ಜಾತಿಯದೇ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಠಾಣೆಯ ಡಾಕ್ಟರ್ ನನಗೆ ಬರೆದುಕೊಟ್ಟ ಚೀಟಿಯ ಕೊನೆಯ ಸಾಲು ಏನು ಗೊತ್ತಾ? ದಿನಾ ಒಂದು ಹೋಳು ಶಿಮ್ಲಾ ಮಿರ್ಚಿ, ಅದೇ ಡೊಣ್ಣ ಮೆಣಸಿನಕಾಯಿ. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಬೇಕು, 100 ಗ್ರಾಂ ಹಸಿರು ಶಿಮ್ಲಾ ಮಿರ್ಚಿಯಲ್ಲಿ ಸುಮಾರು 80 ಮಿಲಿಗ್ರಾಂ ಇರುತ್ತೆ. ನಾನು ಜಾಣತನ ತೋರಿಸೋಕೆ ಹೋಗಿ ನೆಲ್ಲಿಕಾಯಿಯ ಚೂರು ಕೊಟ್ಟೆ, ಮೂಸಿ ಮುಖ ತಿರುಗಿಸಿಕೊಂಡಳು, ಕಾಯಿಲೆಯಲ್ಲೂ ಹುಳಿ ಬೇಡವಂತೆ.

ಆ ಐದು ದಿನ ಮನೆಯಲ್ಲಿ ಪಾಳಿ. ಮೂರು ಗಂಟೆಗೊಮ್ಮೆ ಹೊಸ ಪೆಲೆಟ್ ನೆನೆಸಿ ಗಂಜಿ ಮಾಡಿ ಸಿರಿಂಜ್‌ನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಹಾಕುವುದು, ಜೊತೆಗೆ ವಿಟಮಿನ್ ಹನಿ. ರಾತ್ರಿ ಎರಡರ ಪಾಳಿ ಅತ್ತೆಯದು, ಅವರಿಗೆ ಹೇಗೂ ನಿದ್ದೆ ಬರಲ್ಲ. ನಾಲ್ಕನೇ ದಿನ ಫ್ರಿಜ್ ಸದ್ದಿಗೆ ಎದ್ದು ಮುಂದೆ ಬಂದಳು, ಕೂಗಲಿಲ್ಲ. ಆರನೇ ದಿನ ಕೂಗಿದಳು. ನಮ್ಮ ಮನೆಯವರು ಹಾಸಿಗೆಯಿಂದಲೇ ‘ಕಾರು ರಿವರ್ಸ್ ಬಂತು’ ಅಂದರು.

ಸುಂದರವಲ್ಲದ ಸಂಗತಿಗಳನ್ನೂ ಹೇಳಿಬಿಡಬೇಕು. ಒಂದೊಂದೂ ದಿನಕ್ಕೆ ನೂರರ ಮೇಲೆ ಹಿಕ್ಕೆ ಹಾಕುತ್ತದೆ. ಗಟ್ಟಿ, ಒಣ, ವಾಸನೆ ಇಲ್ಲ, ಗುಡಿಸಿದರೆ ಹೋಗುತ್ತೆ, ತುಳಸಿ ಕುಂಡಕ್ಕೂ ಕರಿಬೇವಿಗೂ ಗೊಬ್ಬರ. ಆದರೆ ಇನ್ನೊಂದು ಬಗೆಯ ಮೆತ್ತಗಿನ ಹಿಕ್ಕೆ ಇದೆ, ಅದನ್ನು ಬಗ್ಗಿ ನೇರ ಬಾಯಿಗೇ ತಗೊಂಡು ತಿಂದುಬಿಡುತ್ತವೆ. ಹುಲ್ಲಿನ ಸತ್ವ ಒಂದೇ ಸಲಕ್ಕೆ ಸಿಗಲ್ಲ, ಅದಕ್ಕೇ ಎರಡನೇ ಸುತ್ತು. ಹಸು ಮೆಲುಕು ಹಾಕುತ್ತಲ್ಲ, ಹಾಗೇ, ದಾರಿ ಮಾತ್ರ ಬೇರೆ ಅಂತ ಅತ್ತೆಗೆ ವಿವರಿಸಿದೆ. ‘ಹಸುವಿನ ಹೆಸರು ಕೆಡಸಬ್ಯಾಡ’ ಅಂದರು.

ಅತ್ತೆಯ ಕೌದಿಯ ವಿಷಯ ಇನ್ನೂ ಸೂಕ್ಷ್ಮ. ಬೆಲ್ಲ ಹುಷಾರಾದ ಮೇಲೆ ಅವರು ಹಳೇ ಇಳಕಲ್ ಸೀರೆಗಳ ತುಂಡು ಸೇರಿಸಿ, ಅಂಚಿಗೆ ಕೆಂಪು ತ್ರಿಕೋನ ಇಟ್ಟು, ಗೂಡಿನ ಅಳತೆಗೆ ಸರಿಯಾಗಿ ಪುಟ್ಟ ಕೌದಿ ಹೊಲಿದರು. ಹದಿನೈದು ದಿನದ ಕೆಲಸ. ಹಾಸಿದ ಒಂದೇ ರಾತ್ರಿಗೆ ಒದ್ದೆ ಮುದ್ದೆ. ಹತ್ತಿ ನೀರು ಹೀರಿ ಹಿಡಿದುಕೊಳ್ಳುತ್ತೆ, ಕಾಲಡಿಯ ಚರ್ಮ ಹುಣ್ಣಾಗುತ್ತೆ, ಮೇಲೆ ಒಣಗಿರುವ ಫ್ಲೀಸ್ ಬಟ್ಟೆಯೇ ಬೇಕು. ಅದೂ ಅಲ್ಲದೆ ಚುರಮರಿ ಒಂದು ಮೂಲೆಯ ದಾರ ಎಳೆದು ತಿನ್ನೋಕೆ ಶುರು ಮಾಡಿದ್ದಳು. ತೆಗೆಯಲೇಬೇಕಾಯಿತು. ‘ಮನಷ್ಯಾರಿಗೆ ನಡೀತದ, ಇಲಿಗೆ ನಡ್ಯಂಗಿಲ್ಲಂತ’ ಅಂತ ಮೂರು ದಿನ ಗೋಡೆಗೆ ಹೇಳಿದರು. ಕೌದಿ ಈಗ ನನ್ನ ಲ್ಯಾಪ್‌ಟಾಪ್ ಕೆಳಗಿದೆ.

ಬೇಸಿಗೆಯೇ ಇವುಗಳ ದೊಡ್ಡ ಶತ್ರು. ಬೆಟ್ಟದ ಪ್ರಾಣಿ, ಬೆವರುವುದಿಲ್ಲ, 26-27 ಡಿಗ್ರಿ ದಾಟಿದರೆ ಕಷ್ಟ ಶುರು. ಮೇ ತಿಂಗಳಿನ ಡೊಂಬಿವಲಿಯಲ್ಲಿ ಅದನ್ನು ಎಲ್ಲಿಂದ ತರೋಣ. ಮಧ್ಯಾಹ್ನ ನೀರಿನ ಬಾಟಲಿ ಫ್ರೀಜರ್‌ನಲ್ಲಿಟ್ಟು ಬಟ್ಟೆ ಸುತ್ತಿ ಇಡುತ್ತೇವೆ, ಪರದೆ ಎಳೆಯುತ್ತೇವೆ. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಒಂದು ಕಲ್ಲು. ಬಿಲ್ಡಿಂಗಿನ ಪ್ಯಾಸೇಜ್ ರಿಪೇರಿಯಲ್ಲಿ ಉಳಿದ ಶಹಾಬಾದ್ ಫರ್ಶಿಯ ತುಂಡು, ಕಂಟ್ರಾಕ್ಟರನಿಂದ ಕೇಳಿ ಇಸಕೊಂಡೆ. ಕಲಬುರಗಿ ಕಡೆಯ ಕಲ್ಲು, ಮುಂಬೈಯ ಹಳೇ ಕಟ್ಟಡಗಳ ನೆಲದಲ್ಲೆಲ್ಲ ಅದೇ. ಅದರ ಮೇಲೆ ಎರಡೂ ಹೊಟ್ಟೆ ಅಂಟಿಸಿ, ಹಿಂಗಾಲು ಹಿಂದಕ್ಕೆ ಚಾಚಿ, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತವೆ.

ದುಡ್ಡು, ಸಮಯ ಕೇಳುವವರಿಗೆ ಒಂದು ಮಾತು. ಐದರಿಂದ ಎಂಟು ವರ್ಷ ಬದುಕುತ್ತವೆ. ಮಗುವಿಗೆ ಆಟದ ಸಾಮಾನು ಅಂತ ತರೋದಾದರೆ ದಯವಿಟ್ಟು ಬೇಡ, ಎಂಟನೇ ತರಗತಿಗೆ ಮಗುವಿಗೆ ಕ್ಲಾಸು, ಟ್ಯೂಷನ್, ಗೂಡು ತೊಳೆಯುವವರು ನೀವೇ. ಊರಿಗೆ ಹೋಗುವಾಗ ನೋಡಿಕೊಳ್ಳುವವರು ಬೇಕು. ನಮಗೆ ನಾಲ್ಕನೇ ಮಹಡಿಯ ಹುಡುಗ ಇದ್ದಾನೆ, ಅವನ ಹತ್ತಿರ ಈಗ ಗಂಡು ಯಾವುದು ಹೆಣ್ಣು ಯಾವುದು ಕೇಳಿ, ಅಂಗಡಿಯವನಿಗೇ ಪಾಠ ಹೇಳುತ್ತಾನೆ.

ಮೊನ್ನೆ ಅತ್ತೆ ಒಂದು ತಿಂಗಳಿಗೆ ಅಂತ ಧಾರವಾಡಕ್ಕೆ ಹೋದರು. ನಿನ್ನೆ ಸಂಜೆ ಫೋನು ಮಾಡಿದರು. ಊರಿನ ಮಳೆ, ಯಾರದೋ ಮದುವೆ, ಮೊಣಕಾಲು, ಎಲ್ಲ ಆಯಿತು. ಆಮೇಲೆ ಸ್ಪೀಕರ್ ಹಾಕು ಅಂದರು. ಹಾಕಿದೆ. ‘ಅವುಗಳ ಹತ್ರ ಹಿಡಿ’ ಅಂದರು. ಹಿಡಿದೆ. ಅತ್ತ ಕಡೆ ಏನೋ ಸರಪರ ಸರಪರ ಸದ್ದು, ಮಾರ್ಕೆಟ್ಟಿನಿಂದ ತಂದ ಕೋತಂಬ್ರಿ ಚೀಲ ಇರಬೇಕು. ಒಂದು ಕ್ಷಣ ಎರಡೂ ಕಲ್ಲಿನ ಹಾಗೆ ನಿಂತವು. ಆಮೇಲೆ ಶುರು, ಚುರಮರಿ ಮೊದಲು, ಹಿಂದೆಯೇ ಬೆಲ್ಲ. ಧಾರವಾಡದಲ್ಲಿ ನಗು. ‘ಕೇಳತಾವ, ಕೇಳತಾವ’ ಅಂತ ಅಲ್ಲಿ ಯಾರಿಗೋ ಹೇಳಿ ಫೋನಿಟ್ಟರು. ಇಲ್ಲಿ ಮನೆಯಲ್ಲಿ ಕೊತ್ತಂಬರಿ ಇರಲಿಲ್ಲ. ಚಪ್ಪಲಿ ಹಾಕಿಕೊಂಡು ಸ್ಟೇಷನ್ ಕಡೆ ಓಡಿದೆ, ಮೆಟ್ಟಿಲು ಇಳಿದು ಕೆಳಗೆ ಬಂದರೂ ಶಿಳ್ಳೆ ಕೇಳುತ್ತಿತ್ತು.